1939ರ ಒಂದು ಗುರುವಾರ, ಬೆಳಗಿನಿಂದ ನಡುರಾತ್ರಿವರೆಗೆ ರೇಡಿಯೋ

ನೆಟ್‌ನಲ್ಲಿ ಸಿಗುವ ಈ ಒಂದು ದಿನದ ರೇಡಿಯೋ ಕೇಳೋಕೆ ದುಡ್ಡಿಲ್ಲ. ಹಾಗಾಗಿ ಕೊಟ್ಟ ಕಾಸಿಗೆ ಮೋಸ ಇಲ್ಲ ಅಂತ ಬರೆಯುವ ಹಾಗೂ ಇಲ್ಲ. ಆದರೆ ನಿಮ್ಮ ಹದಿನೆಂಟೂವರೆ ಗಂಟೆ ತಿನ್ನುತ್ತದೆ. ಅಷ್ಟು ಹೊತ್ತು ಕೊಡಬಹುದಾ, ಕೊಟ್ಟರೆ ಎಲ್ಲಿ ಜಾಸ್ತಿ ಕೊಡಬೇಕು, ಎಲ್ಲಿ ಸುಮ್ನೆ ದಾಟಿ ಹೋಗಬಹುದು ಅಂತ ಹೇಳೋಕೆ ಈ ಬರಹ.

ವಿಷಯ ಇಷ್ಟು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಡಬ್ಲ್ಯುಜೆಎಸ್‌ವಿ ಅಂತ ಒಂದು ರೇಡಿಯೋ ಸ್ಟೇಷನ್ ಇತ್ತು. ಊರೂರಿನ ಸ್ಟೇಷನ್‌ಗಳಿಗೆ ಕಾರ್ಯಕ್ರಮ ಕಳಿಸುತ್ತಿದ್ದ ಸಿಬಿಎಸ್ ಜಾಲಕ್ಕೆ ಸೇರಿದ್ದು. 1939ರ ಸೆಪ್ಟೆಂಬರ್ 21, ಗುರುವಾರ, ಅವರು ಬೆಳಗ್ಗೆ ಆರೂವರೆಗೆ ಶುರು ಮಾಡಿ ರಾತ್ರಿ ಒಂದು ಗಂಟೆಗೆ ಮುಗಿಸುವವರೆಗೆ ಗಾಳಿಗೆ ಬಿಟ್ಟಿದ್ದನ್ನೆಲ್ಲ ಗ್ರಾಮಫೋನ್ ಥರದ ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ಹಾಡು, ಧಾರಾವಾಹಿ, ಅಡುಗೆ, ವಾರ್ತೆ, ರಾಷ್ಟ್ರಾಧ್ಯಕ್ಷರ ಭಾಷಣ, ಬೇಸ್‌ಬಾಲ್ ಪಂದ್ಯ, ಸೋಪಿನ ಜಾಹೀರಾತು, ಒಂದನ್ನೂ ಬಿಡಲಿಲ್ಲ. ಆ ತಟ್ಟೆಗಳನ್ನು ಅಲ್ಲಿನ ರಾಷ್ಟ್ರೀಯ ದಾಖಲೆ ಭಂಡಾರಕ್ಕೆ ಕೊಟ್ಟರು. ಈಗ ಅದು ಇಂಟರ್ನೆಟ್ ಆರ್ಕೈವ್‌ನಲ್ಲಿ ತುಂಡು ತುಂಡು ಎಂಪಿ3 ಆಗಿ ಸಿಗುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ನಾನು ದಾವಣಗೆರೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಮರ್ಫಿ, ಬುಷ್, ಫಿಲಿಪ್ಸ್ ವಾಲ್ವ್ ಸೆಟ್ಟುಗಳಿಂದ ಶುರು ಮಾಡಿ ಟ್ರಾನ್ಸಿಸ್ಟರ್, ಟೇಪ್ ರೆಕಾರ್ಡರ್, ಟಿವಿ ಎಲ್ಲ ಬಿಚ್ಚಿ ಕಟ್ಟಿದ್ದೇನೆ. ಈಗ ಅಂಗಡಿಗೆ ಬರುವುದು ಮಿಕ್ಸರ್ ಮತ್ತು ಎಲ್‌ಇಡಿ ಬಲ್ಬು. ಹಾಗಾಗಿ ಹಿನ್ನೆಲೆಯಲ್ಲಿ ಏನಾದರೂ ಮಾತಾಡುತ್ತಿರಬೇಕು ನನಗೆ. ಮೊದಲು ಈ ದಿನವನ್ನು ಚೂರು ಚೂರು ಕೇಳಿದೆ. ರುಚಿ ಹತ್ತಲಿಲ್ಲ. ಆಮೇಲೆ ಒಂದು ಭಾನುವಾರ ಅಂಗಡಿಗೆ ಬಾಗಿಲು ಹಾಕಿ, ಮನೆಯಲ್ಲಿ ಬೆಳಗ್ಗೆ ಆರೂವರೆಗೇ ಹಚ್ಚಿ, ಗಡಿಯಾರಕ್ಕೆ ಸರಿಯಾಗಿ ಬಿಟ್ಟೆ. ಅಲ್ಲಿ ಎಂಟು ಗಂಟೆ ಅಂದರೆ ನಮ್ಮ ಗೋಡೆ ಗಡಿಯಾರದಲ್ಲೂ ಎಂಟು. ಹೀಗೆ ಕೇಳಿದರೆ ಮಾತ್ರ ಇದರ ಮಜಾ. ಒಳ್ಳೊಳ್ಳೆಯ ತುಂಡು ಆರಿಸಿಕೊಂಡು ಕೇಳಿದರೆ ಹಳೇ ಸಾಮಾನಿನ ಅಂಗಡಿ ನೋಡಿದ ಹಾಗೆ, ಅಷ್ಟೇ.

ಮೊದಲು ಶಬ್ದದ ಮಾತು, ಯಾಕೆಂದರೆ ನನ್ನ ಕಿವಿ ಮೊದಲು ಅಲ್ಲಿಗೇ ಹೋಗುತ್ತದೆ. ಆಗ ಟೇಪ್ ಇನ್ನೂ ಅಮೆರಿಕದ ರೇಡಿಯೋಗೆ ಬಂದಿರಲಿಲ್ಲ. ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ ಬಳಿದು, ಅದರ ಮೇಲೆ ಸೂಜಿಯಿಂದ ಅಲ್ಲೇ ಆಗಲೇ ಗೆರೆ ಕೊರೆಯುತ್ತಿದ್ದರು. ತಟ್ಟೆ 16 ಇಂಚು ಅಗಲ. ನಿಮಿಷಕ್ಕೆ ಮೂವತ್ಮೂರೂ ಚಿಲ್ಲರೆ ಸುತ್ತು. ಒಂದು ಮಗ್ಗುಲಿಗೆ ಹತ್ತಿರ ಹತ್ತಿರ ಕಾಲು ಗಂಟೆ. ತಟ್ಟೆ ತಿರುಗುವ ವೇಗ ಒಂದೇ ಆದರೂ, ಅಂಚಿನಲ್ಲಿ ಸೂಜಿಯ ಕೆಳಗೆ ಓಡುವ ಗೆರೆ ಉದ್ದ, ನಡುವಿಗೆ ಬಂದ ಹಾಗೆ ಗಿಡ್ಡ. ಅದಕ್ಕೇ ಅಂಚಿನಲ್ಲಿ 'ಸ' 'ಶ' ಚುರುಕಾಗಿ ಕೇಳುತ್ತವೆ, ಒಳಗೆ ಹೋದಂತೆ ಮಂಕಾಗುತ್ತವೆ. ಗಮನ ಕೊಟ್ಟರೆ ಧ್ವನಿ ಮೆಲ್ಲಗೆ ಮಸುಕಾಗುವುದು, ಆಮೇಲೆ ಹೊಸ ತಟ್ಟೆಯಲ್ಲಿ ಇದ್ದಕ್ಕಿದ್ದಂತೆ ತಿಳಿಯಾಗುವುದು ಗೊತ್ತಾಗುತ್ತದೆ. ಯಾರೋ ಪುಣ್ಯಾತ್ಮರು ಇಡೀ ದಿನ ಎರಡು ಯಂತ್ರದ ನಡುವೆ ನಿಂತು ತಟ್ಟೆ ಬದಲಿಸಿದ್ದಾರೆ. ಅವರ ಹೆಸರು ಯಾವ ಕಾರ್ಯಕ್ರಮದಲ್ಲೂ ಬರುವುದಿಲ್ಲ.

ಒಂದು ಎಚ್ಚರಿಕೆ. ನೆಟ್‌ನಲ್ಲಿ ಇದರ "ಸ್ವಚ್ಛ ಮಾಡಿದ" ಪ್ರತಿಗಳೂ ತಿರುಗುತ್ತಿವೆ. ಒಂದನ್ನು ಇಳಿಸಿ ನೋಡಿದೆ. ಹಳೇ ತಟ್ಟೆಯ ಚರಪರ ಸದ್ದು ಹೋಗಿತ್ತು ನಿಜ, ಅದರ ಜೊತೆ ಸ್ಯಾಕ್ಸೋಫೋನಿನ ಉಸಿರೂ ಹೋಗಿತ್ತು. ಮಾತು ನೀರಿನೊಳಗಿಂದ ಬಂದಂತಿತ್ತು. ಚರಪರ ಇರುವುದನ್ನೇ ತೆಗೆದುಕೊಳ್ಳಿ. ಐದು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ.

ಬೆಳಗಿನ ಪಾಳಿಯಲ್ಲಿ ಆರ್ಥರ್ ಗಾಡ್‌ಫ್ರೀ. ಇಡೀ ದಿನದಲ್ಲಿ ನನಗೆ ತುಂಬ ಇಷ್ಟವಾದ ಧ್ವನಿ ಇವನದು. ರೆಕಾರ್ಡ್ ಹಾಕುತ್ತಾನೆ, ಟೈಮ್ ಹೇಳುತ್ತಾನೆ, ಜಾಹೀರಾತು ಓದುತ್ತಾನೆ, ಓದುತ್ತ ಓದುತ್ತ ಅದನ್ನೇ ಗೇಲಿ ಮಾಡುತ್ತಾನೆ. ಯಾವ ಅವಸರವೂ ಇಲ್ಲ. ಇವನ ಬಗ್ಗೆ ಒಂದು ಕತೆ ಇದೆ. 1931ರಲ್ಲಿ ಕಾರು ಅಪಘಾತವಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದ. ಮಲಗಿಕೊಂಡೇ ರೇಡಿಯೋ ಕೇಳಿ ಕೇಳಿ ಅವನಿಗೆ ಹೊಳೆಯಿತಂತೆ: ಉದ್ಘೋಷಕರೆಲ್ಲ ದೊಡ್ಡ ಸಭೆ ಉದ್ದೇಶಿಸಿ ಮಾತಾಡುತ್ತಾರೆ, ಆದರೆ ಕೇಳುವವರು ಒಬ್ಬೊಬ್ಬರೇ ಇರುತ್ತಾರೆ. ಎದ್ದು ಬಂದ ಮೇಲೆ ಒಬ್ಬರ ಜೊತೆ ಮಾತಾಡಿದಂತೆ ಮಾತಾಡೋಕೆ ಶುರು ಮಾಡಿದ. ಮುಂದೆ ಇಡೀ ಅಮೆರಿಕಕ್ಕೆ ಗೊತ್ತಾದ. ಇವತ್ತಿನ ಎಫ್‌ಎಂ ಜಾಕಿಗಳು ಮಾಡುವುದೂ ಇದನ್ನೇ ಅಲ್ವಾ? ಏನು ವ್ಯತ್ಯಾಸ ಅಂದರೆ, ಇವನು ಉಸಿರು ತೆಗೆದುಕೊಳ್ಳುತ್ತಾನೆ.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ಗಾಡ್‌ಫ್ರೀ ಹಾಕುವುದು ತಟ್ಟೆಯ ಹಾಡು, ಯಾಕೆಂದರೆ ಅದು ಊರಿನ ಸ್ಟೇಷನ್ನಿನ ಸ್ವಂತ ಕಾರ್ಯಕ್ರಮ. ಆದರೆ ಸಿಬಿಎಸ್, ಎನ್‌ಬಿಸಿ ಜಾಲಗಳು ಆಗ ಮುದ್ರಿಸಿದ ಧ್ವನಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಜಾಲದಿಂದ ಬರುವ ನಾಟಕ, ವಾದ್ಯಗೋಷ್ಠಿ ಎಲ್ಲ ಆ ಕ್ಷಣದಲ್ಲೇ ನಡೆಯುತ್ತಿದ್ದವು. ನಟಿ ತಡವರಿಸಿದರೆ ತಡವರಿಸಿದ್ದೇ, ಇಡೀ ದೇಶ ಕೇಳುತ್ತಿತ್ತು. ಟೆಲಿಫೋನ್ ಕಂಪನಿಯ ತಂತಿಯಲ್ಲಿ ಶಬ್ದ ಊರಿಂದೂರಿಗೆ ಹೋಗುತ್ತಿತ್ತು. ಊರಿನ ಸ್ಟುಡಿಯೋದ ಧ್ವನಿ ತುಂಬಿಕೊಂಡಿರುತ್ತದೆ, ತಂತಿಯಲ್ಲಿ ಬಂದಿದ್ದು ಸ್ವಲ್ಪ ಬಡಕಲು. ಕೇಳ್ತಾ ಕೇಳ್ತಾ ನಿಮಗೇ ಬೇರ್ಪಡಿಸಲು ಬರುತ್ತದೆ.

ಗಾಡ್‌ಫ್ರೀ ಹೋದ ಮೇಲೆ ಶುರುವಾಗುತ್ತದೆ ಧಾರಾವಾಹಿಗಳ ಮಳೆ. ಒಂದೊಂದೂ ಕಾಲು ಗಂಟೆ. ಎಂಟೂ ಮುಕ್ಕಾಲರಿಂದ ಮಧ್ಯಾಹ್ನ ಒಂದೂ ಮುಕ್ಕಾಲರವರೆಗೆ ಹದಿನೈದಕ್ಕೂ ಜಾಸ್ತಿ. ನಡುವೆ ಒಂದು ಅಡುಗೆ ಕಾರ್ಯಕ್ರಮ ಬಂತು, ಡಬ್ಬಿ ಹಾಲು ಮಾರುವ ಕಂಪನಿಯದ್ದು. ಯಾವ ಅಡುಗೆ ಹೇಳಿದರೂ ಅದಕ್ಕೆ ಡಬ್ಬಿ ಹಾಲು ಬೀಳಲೇಬೇಕು. ಧಾರಾವಾಹಿಗಳ ಕತೆಗಳೂ ಹಾಗೇ, ಒಂದೇ ಅಚ್ಚು. ಮೂವತ್ತೈದು ದಾಟಿದ ಹೆಣ್ಣಿಗೆ ಮತ್ತೆ ಪ್ರೀತಿ ಸಿಗಬಹುದಾ ಅಂತ ಒಂದು. ಅದು 1933ರಲ್ಲಿ ಶುರುವಾಗಿ 1960ರವರೆಗೆ ನಡೆಯಿತು, ಇಪ್ಪತ್ತೇಳು ವರ್ಷ ಆಕೆ ಮೂವತ್ತೈದರಲ್ಲೇ ನಿಂತಿದ್ದಳು ಅಂತ ಕಾಣುತ್ತದೆ. ಗಣಿ ಊರಿನ ಅನಾಥ ಹುಡುಗಿ ಇಂಗ್ಲೆಂಡಿನ ಸಿರಿವಂತ ಲಾರ್ಡ್‌ನ ಹೆಂಡತಿಯಾಗಿ ಸುಖವಾಗಿರಲು ಸಾಧ್ಯವಾ ಅಂತ ಇನ್ನೊಂದು. ನನಗೆ ಇಲ್ಲಿ ನಿದ್ದೆ ಎಳೆಯಿತು.

ನನ್ನ ಹೆಂಡತಿಗೆ ಎಳೆಯಲಿಲ್ಲ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. "ಯಾರ್ರೀ ಇವರು, ಬೆಳಗ್ಗೆಯಿಂದ ವಟವಟ ಅಂತಾವರೆ" ಅಂತ ಬಂದವಳು ಸೊಪ್ಪು ಬಿಡಿಸುತ್ತ ಅಲ್ಲೇ ಕೂತಳು. ಹತ್ತು ನಿಮಿಷದಲ್ಲಿ "ಇವಳು ಒಳ್ಳೆಯವಳಲ್ಲ ರೀ, ದನಿಯಲ್ಲೇ ಗೊತ್ತಾಗ್ತದೆ" ಅಂದಳು. ಸರಿಯಾಗೇ ಇತ್ತು. ಆರ್ಗನ್ ವಾದ್ಯ ಗುಡುಗಿದರೆ ಕೆಟ್ಟ ಸುದ್ದಿ, ತೇಲಿದರೆ ಪ್ರೇಮ, ಅರ್ಧಕ್ಕೆ ನಿಂತರೆ ಉಳಿದಿದ್ದು ನಾಳೆಗೆ. ನಮ್ಮ ಟಿವಿಯಲ್ಲಿ ಅದನ್ನೇ ಕ್ಯಾಮೆರಾ ಮೂರು ಸಲ ಮುಖದ ಹತ್ತಿರ ಹೋಗಿ ಮಾಡುತ್ತದೆ. ಅವಳ ತೀರ್ಪು ನನ್ನದಕ್ಕಿಂತ ಉದಾರ, ಐದಕ್ಕೆ ನಾಲ್ಕು ಕೊಟ್ಟಳು. ಮಧ್ಯಾಹ್ನ ಹನ್ನೆರಡಕ್ಕೆ ಬರುವ ಗೋಲ್ಡ್‌ಬರ್ಗ್ ಸಂಸಾರದ ಕತೆಯನ್ನು ಮಾತ್ರ ನಾನೂ ಕಿವಿಗೊಟ್ಟು ಕೇಳಿದೆ. ನ್ಯೂಯಾರ್ಕಿನ ಯಹೂದಿ ಮನೆಯೊಂದರ ಕತೆ ಅದು. ಗರ್ಟ್ರೂಡ್ ಬರ್ಗ್ ಎಂಬಾಕೆ ತಾನೇ ಬರೆದು ತಾನೇ ಅಮ್ಮನ ಪಾತ್ರ ಮಾಡುತ್ತಿದ್ದಳು. ಅದರಲ್ಲಿ ಮನೆ ಇದೆ, ಮನೆಯ ಮಾತಿದೆ.

ಜಾಹೀರಾತುಗಳ ಬಗ್ಗೆ ಒಂದು ಮಾತು. ಬೇಸರ ಆಗುವಷ್ಟಿವೆ. ಬಟ್ಟೆ ಸೋಪು, ಮೈ ಸೋಪು, ಪಾತ್ರೆ ಪುಡಿ, ಅಡುಗೆ ಕೊಬ್ಬು. ಪಾಮೋಲಿವ್ ಹೆಸರು ಕೇಳಿದಾಗ ನಮ್ಮ ಮನೆಯ ಬಚ್ಚಲು ನೆನಪಾಯಿತು. ಆದರೆ ಇವನ್ನು ಹಾರಿಸಬೇಡಿ. ನಮ್ಮಲ್ಲಿ ರೇಡಿಯೋ ಇಟ್ಟರೆ ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸ್ ಕಟ್ಟಬೇಕಿತ್ತು. ನನ್ನ ಅಂಗಡಿಗೆ ಬಂದ ಎಷ್ಟೋ ಸೆಟ್ಟುಗಳ ಜೊತೆ ಆ ಪುಟ್ಟ ಪುಸ್ತಕವೂ ಬರುತ್ತಿತ್ತು. ಅಮೆರಿಕದಲ್ಲಿ ಕೇಳುವವರು ಏನೂ ಕಟ್ಟುತ್ತಿರಲಿಲ್ಲ, ಸೋಪಿನವರು ಕಟ್ಟುತ್ತಿದ್ದರು. ಅದಕ್ಕೇ ಹೆಣ್ಣುಮಕ್ಕಳು ಮನೆಯಲ್ಲಿರುವ ಹೊತ್ತೆಲ್ಲ ಸೋಪಿನವರ ಕೈಯಲ್ಲಿತ್ತು. ಕಂಪನಿಯವರೇ ಕಾರ್ಯಕ್ರಮ ತಯಾರಿಸಿ, ಹೊತ್ತನ್ನು ಸ್ಟೇಷನ್‌ನಿಂದ ಕೊಂಡುಕೊಳ್ಳುತ್ತಿದ್ದರು. ನಮ್ಮ ಆಕಾಶವಾಣಿ ಜಾಹೀರಾತಿಗೆ ಬಾಗಿಲು ತೆರೆದಿದ್ದು 1967ರಲ್ಲಿ, ಅದೂ ವಿವಿಧ ಭಾರತಿಯಲ್ಲಿ. ಅಲ್ಲಿಯವರೆಗೆ ಟೂತ್‌ಪೇಸ್ಟಿನ ಹೆಸರಿನ ಹಾಡಿನ ಕಾರ್ಯಕ್ರಮ ಬೇಕು ಅಂದರೆ ರೇಡಿಯೋ ಸಿಲೋನ್ ಹಿಡಿಯಬೇಕಿತ್ತು.

ಮಧ್ಯಾಹ್ನ ಎರಡಕ್ಕೆ ದಿನ ತಿರುಗಿಬಿಡುತ್ತದೆ. ಯುರೋಪಿನಲ್ಲಿ ಯುದ್ಧ ಶುರುವಾಗಿ ಮೂರನೇ ವಾರ. ಜರ್ಮನಿ ಪೋಲೆಂಡಿಗೆ ನುಗ್ಗಿದೆ, ಪೂರ್ವದಿಂದ ರಷ್ಯಾದವರೂ ಒಳಗೆ ಬಂದಿದ್ದಾರೆ. ಅವತ್ತೇ ರುಮೇನಿಯಾದ ಪ್ರಧಾನಿ ಕಲಿನೆಸ್ಕುವನ್ನು ಕೊಂದಿದ್ದಾರೆ. ಅಧ್ಯಕ್ಷ ರೂಸ್‌ವೆಲ್ಟ್ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ವಿಶೇಷ ಅಧಿವೇಶನ ಕರೆದು, ಯುದ್ಧ ಮಾಡುವ ದೇಶಗಳಿಗೆ ಆಯುಧ ಮಾರಬಾರದು ಅನ್ನುವ ನಿಯಮ ತೆಗೆದುಹಾಕಿ ಅಂತ ಕೇಳುತ್ತಾರೆ. ಆ ಕಾನೂನನ್ನು ನೀವು ಪಾಸು ಮಾಡಿದ್ದಕ್ಕೂ ನನಗೆ ವಿಷಾದವಿದೆ, ನಾನು ಸಹಿ ಹಾಕಿದ್ದಕ್ಕೂ ಅಷ್ಟೇ ವಿಷಾದವಿದೆ ಅನ್ನುತ್ತಾರೆ. ಧ್ವನಿ ಏರುವುದಿಲ್ಲ. ನವೆಂಬರ್ ಮೊದಲ ವಾರಕ್ಕೆ ನಿಯಮ ಹೋಯಿತು. ಇದನ್ನು ಚರಿತ್ರೆ ಪುಸ್ತಕದಲ್ಲಿ ಓದಬಹುದು. ಆದರೆ ಬೆಳಗಿನಿಂದ ಸೋಪು, ಆರ್ಗನ್ನು, ಮುರಿದ ಮದುವೆ ಕೇಳುತ್ತ ಬಂದು ಇದಕ್ಕೆ ಬಂದಾಗ ಆಗುವುದೇ ಬೇರೆ. ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ.

ಕೇಳುತ್ತ ನನಗೊಂದು ಹೊಟ್ಟೆಕಿಚ್ಚೂ ಆಯಿತು. ಅಲ್ಲಿ ಅಧ್ಯಕ್ಷ ಜನಪ್ರತಿನಿಧಿಗಳ ಮುಂದೆ ನಿಂತು ಕೇಳಬೇಕು, ವಾದಿಸಬೇಕು. ನಮ್ಮನ್ನು ಅದೇ ತಿಂಗಳ 3ರಂದು ವೈಸರಾಯ್ ಲಿನ್‌ಲಿತ್‌ಗೋ ಒಂದು ಪ್ರಕಟಣೆಯಲ್ಲಿ ಯುದ್ಧಕ್ಕೆ ಸೇರಿಸಿಬಿಟ್ಟಿದ್ದ. ನಮ್ಮವರನ್ನು ಒಂದು ಮಾತೂ ಕೇಳಿರಲಿಲ್ಲ.

ಇನ್ನು ಆಟ. ಇದಕ್ಕಾಗಿಯೇ ನಾನು ಕಾದಿದ್ದು. ಭಾಷಣ, ಫ್ರಾನ್ಸಿನ ಪ್ರಧಾನಿ ದಲಾದಿಯೆ ಭಾಷಣ, ಅದರ ಮೇಲಿನ ಚರ್ಚೆ, ಇನ್ನೆರಡು ಕಂತು ಕತೆ ಎಲ್ಲ ಮುಗಿದು ನಾಲ್ಕು ಗಂಟೆಗೆ ಗ್ರಿಫಿತ್ ಸ್ಟೇಡಿಯಂಗೆ ಹೋಗುತ್ತಾರೆ. ಪಂದ್ಯ ಆಗಲೇ ಅರ್ಧ ದಾರಿಗೆ ಬಂದಿದೆ. ವಾಷಿಂಗ್ಟನ್ ಸೆನೆಟರ್ಸ್ ಮತ್ತು ಕ್ಲೀವ್‌ಲ್ಯಾಂಡ್ ಇಂಡಿಯನ್ಸ್. ಪಟ್ಟಿಯಲ್ಲಿ ಮೇಲೆ ಬರುವ ಆಸೆ ಇಲ್ಲದ ಊರ ತಂಡ. ಆ ವರ್ಷ ಎಂಟು ತಂಡದಲ್ಲಿ ಆರನೆಯದಾಗಿ ಮುಗಿಸಿತು. ಅಂದರೆ ಯಾರೂ ನೆನಪಿಡದ, ಏನೂ ಹೆಚ್ಚುಕಡಿಮೆ ಆಗದ ಒಂದು ಗುರುವಾರದ ಪಂದ್ಯ. ಅದೇ ಇದರ ಚೆಂದ. ಫೈನಲ್ ಪಂದ್ಯಗಳನ್ನು ಎಲ್ಲರೂ ಉಳಿಸುತ್ತಾರೆ. ಸುಮ್ನೆ ಒಂದು ಸಂಜೆಯ ಪಂದ್ಯ ಯಾರು ಉಳಿಸುತ್ತಾರೆ?

ಮೈಕ್ ಮುಂದೆ ವಾಲ್ಟರ್ ಜಾನ್ಸನ್. ಈ ಹೆಸರು ನಮ್ಮವರಿಗೆ ಗೊತ್ತಿರಲಿಕ್ಕಿಲ್ಲ. 1907ರಿಂದ 1927ರವರೆಗೆ ಇದೇ ವಾಷಿಂಗ್ಟನ್ ತಂಡಕ್ಕೆ ಚೆಂಡೆಸೆದ, 417 ಪಂದ್ಯ ಗೆಲ್ಲಿಸಿದವನು. ಅವನ ವೇಗಕ್ಕೆ ಬಿಗ್ ಟ್ರೈನ್ ಅನ್ನುತ್ತಿದ್ದರು. 1936ರಲ್ಲಿ ಬೇಸ್‌ಬಾಲ್ ಮಹಾನ್ ಆಟಗಾರರ ಮೊದಲ ಪಟ್ಟಿ ಮಾಡಿದಾಗ ಆರಿಸಿದ ಐದು ಜನರಲ್ಲಿ ಒಬ್ಬ. ಚಂದ್ರಶೇಖರ್ ಬೌಲಿಂಗ್ ಬಿಟ್ಟ ಮೇಲೆ ರಣಜಿ ಪಂದ್ಯಕ್ಕೆ ಮೈಕ್ ಹಿಡಿದಿದ್ದರೆ ಹೇಗಿರುತ್ತಿತ್ತೋ, ಹಾಗೆ. ಅವನು ಕಸುಬಿನ ವೀಕ್ಷಕ ವಿವರಣೆಗಾರ ಅಲ್ಲ, ಅದು ಮೊದಲ ನಿಮಿಷದಲ್ಲೇ ತಿಳಿಯುತ್ತದೆ. ಅಬ್ಬರ ಇಲ್ಲ. ಉಪಮೆ ಇಲ್ಲ. ಚೆಂಡು ಎಲ್ಲಿ ಹೋಯಿತು, ಯಾರು ಹಿಡಿದರು, ಎಷ್ಟು ಔಟು. ಆಮೇಲೆ ಸುಮ್ಮನಾಗುತ್ತಾನೆ. ಆ ಸುಮ್ಮನಿರುವ ಹೊತ್ತಿನಲ್ಲಿ ಮೈದಾನ ಕೇಳುತ್ತದೆ. ಜನ ಗುಜುಗುಜು ಅನ್ನುತ್ತಾರೆ, ಯಾರೋ ಕೂಗುತ್ತಾರೆ. ಕೆಲವರಿಗೆ ಇದು ಸಪ್ಪೆ ಅನ್ನಿಸಬಹುದು. ನನಗೆ ಇದೇ ಸರಿಯಾದ ಅಳತೆ. ಈಗಿನ ವಿವರಣೆಗಾರರು ಚೆಂಡಿಗಿಂತ ಮೊದಲೇ ಕಿರುಚುತ್ತಾರೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಒಂಬತ್ತು ಇನಿಂಗ್ಸ್, ಒಂದೊಂದರಲ್ಲಿ ಎರಡೂ ತಂಡಕ್ಕೆ ಮೂರು ಮೂರು ಔಟು. ಹೊಡೆಯುವವನಿಗೆ ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್, ಅಂದರೆ ಅಳತೆ ತಪ್ಪಿದ ಎಸೆತ, ಆದರೆ ಬಿಟ್ಟಿ ಒಂದು ಮನೆ. ಹಾಗಾಗಿ ವಿವರಣೆಯಲ್ಲಿ ಯಾವಾಗಲೂ ಒಂದು ಲೆಕ್ಕ ಓಡುತ್ತಿರುತ್ತದೆ. ಒಂದು ಬಾಲ್ ಎರಡು ಸ್ಟ್ರೈಕ್, ಎರಡು ಬಾಲ್ ಎರಡು ಸ್ಟ್ರೈಕ್. ಆ ಲೆಕ್ಕ ಹಿಡಿದುಕೊಂಡರೆ ಕಣ್ಣಿಗೆ ಮೈದಾನ ಬೇಕಾಗುವುದಿಲ್ಲ. 1974ರ ನವೆಂಬರ್‌ನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ನಾನು ಕೇಳಿದ್ದೂ ಹೀಗೇ, ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು. ವೆಸ್ಟ್ ಇಂಡೀಸ್‌ನ ಗ್ರೀನಿಜ್ ಮೊದಲ ಸರದಿಯಲ್ಲಿ 93, ಎರಡನೆಯದರಲ್ಲಿ 107. ಅವನ ಮುಖ ನೋಡಿದ್ದು ಎಷ್ಟೋ ವರ್ಷ ಆದ ಮೇಲೆ. ಆದರೆ ಆ ಹೊಡೆತ ನಾನು ನೋಡಿಲ್ಲ ಅಂದರೆ ನಾನೇ ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಆ ಕಾಲದಲ್ಲಿ ಪಂದ್ಯ ಬೇರೆ ಊರಲ್ಲಿದ್ದರೆ ಸ್ಟೇಷನ್ನಿನವರು ಅಲ್ಲಿಗೆ ಹೋಗುತ್ತಿದ್ದದ್ದು ಕಡಿಮೆ. ಟೆಲಿಗ್ರಾಫ್‌ನಲ್ಲಿ ಪುಟ್ಟ ಸಂಕೇತ ಬರುತ್ತಿತ್ತು, ಇಲ್ಲಿ ಸ್ಟುಡಿಯೋದಲ್ಲಿ ಕೂತವನು ಅದನ್ನು ನೋಡಿ ಮೈದಾನದಲ್ಲೇ ಇರುವಂತೆ ವರ್ಣಿಸುತ್ತಿದ್ದ. ಮುಂದೆ ಅಮೆರಿಕದ ಅಧ್ಯಕ್ಷನಾದ ರೊನಾಲ್ಡ್ ರೇಗನ್ ತರುಣನಾಗಿದ್ದಾಗ ಅಯೋವಾ ರಾಜ್ಯದ ಒಂದು ಸ್ಟೇಷನ್ನಿನಲ್ಲಿ ಮಾಡಿದ ಕೆಲಸ ಇದೇ. ಒಮ್ಮೆ ತಂತಿ ನಿಂತುಹೋಗಿ, ಅದು ಮತ್ತೆ ಬರುವವರೆಗೆ ಹೊಡೆಯುವವನ ಕೈಲಿ ಚೆಂಡನ್ನು ಗೆರೆಯಾಚೆಗೆ ಹೊಡೆಸುತ್ತಲೇ ಇದ್ದೆ ಅಂತ ತಾನೇ ಹೇಳಿಕೊಂಡು ನಗುತ್ತಿದ್ದ. ನಮ್ಮ ಗುರುವಾರದ ಪಂದ್ಯ ಅಂಥದ್ದಲ್ಲ. ತವರು ಮೈದಾನ, ನಿಜವಾದ ಗಾಳಿ, ನಿಜವಾದ ಜನ. 1930ರ ದಶಕದ ಇಂಥ ಪ್ರಸಾರ ಉಳಿದಿರುವುದೇ ಬೆರಳೆಣಿಕೆಯಷ್ಟು. ನನ್ನ ಕೈಯಲ್ಲಿದ್ದರೆ ಈ ಒಂದೂಕಾಲು ಗಂಟೆಗೆ ಐದಕ್ಕೆ ಆರು ಕೊಡುತ್ತಿದ್ದೆ.

ಸಂಜೆ ಆರಕ್ಕೆ ಬರುವುದನ್ನು ಮೆಚ್ಚಲಾರೆ. ಆಮೋಸ್ ಮತ್ತು ಆ್ಯಂಡಿ ಅನ್ನುವ ಇಬ್ಬರು ಕಪ್ಪು ಜನರ ಹಾಸ್ಯ. ಪಾತ್ರ ಮಾಡುವವರು ಗಾಸ್ಡೆನ್, ಕರೆಲ್ ಅನ್ನುವ ಇಬ್ಬರು ಬಿಳಿಯರು. ಕಪ್ಪು ಜನರ ಮಾತನ್ನು ಕೊಂಕಿಸಿ ಕೊಂಕಿಸಿ ಮಾತಾಡುತ್ತಾರೆ. ಆ ಕಾಲದಲ್ಲಿ ಅದಕ್ಕಿದ್ದ ಜನಪ್ರಿಯತೆ ಅಷ್ಟಿಷ್ಟಲ್ಲ. "ಆ ಕಾಲ ಹಾಗಿತ್ತು" ಅಂತ ಬಿಟ್ಟುಬಿಡಬಹುದು, ಆದರೆ ಆ ಕಾಲದಲ್ಲೇ ಕಪ್ಪು ಜನರ ಪತ್ರಿಕೆ ಪಿಟ್ಸ್‌ಬರ್ಗ್ ಕೊರಿಯರ್ 1931ರಲ್ಲಿ ಇದನ್ನು ನಿಲ್ಲಿಸಿ ಅಂತ ಸಹಿ ಸಂಗ್ರಹ ಮಾಡಿತ್ತು. ಅಂದರೆ ಗೊತ್ತಾಗದೆ ಇರಲಿಲ್ಲ. ಈ ಸ್ಟೇಷನ್ನಿನ ಹೆಸರಿನ ಹಿಂದಿನ ಕತೆಯೂ ಕಹಿಯೇ. ಜೆಎಸ್‌ವಿ ಅಂದರೆ ಜೇಮ್ಸ್ ಎಸ್. ವ್ಯಾನ್ಸ್. ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ಪರವಾದ ಪತ್ರಿಕೆಯೊಂದನ್ನು ನಡೆಸುತ್ತಿದ್ದವನು. ಸ್ಟೇಷನ್ ಮೊದಲು ಆ ಗುಂಪಿನ ಕೈಯಲ್ಲಿತ್ತು, 1932ರಲ್ಲಿ ಸಿಬಿಎಸ್ ಕೈಗೆ ಬಂತು. ಹೆಸರು ಬದಲಾಗಲು ಮಾತ್ರ 1943ರವರೆಗೆ ಕಾಯಬೇಕಾಯಿತು. ಇಡೀ ದಿನ ಗಂಟೆ ಗಂಟೆಗೂ ಆ ಅಕ್ಷರಗಳನ್ನು ಉದ್ಘೋಷಕರು ಎಷ್ಟು ಸಲೀಸಾಗಿ ಹೇಳುತ್ತಾರೆ ಅಂತ ಗಮನಿಸಿ. ಹಾಡು, ಆಟ ಅಂತ ಮಾತ್ರ ಹೊಗಳಿ ಈ ಮಾತು ಬಿಡುವುದು ಸರಿಯಲ್ಲ ಅಂತ ಬರೆದೆ.

ಎಂಟಕ್ಕೆ ಮೇಜರ್ ಬೋಸ್ ಅನ್ನುವವನ ಹೊಸಬರ ಹಾಡಿನ ಸ್ಪರ್ಧೆ. ಕಾರು ಕಂಪನಿ ಕ್ರೈಸ್ಲರ್ ದುಡ್ಡು ಹಾಕಿದ್ದು. ಕೂಲಿಯವರು, ಗುಮಾಸ್ತರು, ಶಾಲೆ ಮಕ್ಕಳು ಬಂದು ಹಾಡುತ್ತಾರೆ, ಬಾರಿಸುತ್ತಾರೆ. ಬೋಸ್ ಒಬ್ಬೊಬ್ಬರ ಊರು ಕೇರಿ ವಿಚಾರಿಸುತ್ತಾನೆ. ಕೇಳುಗರು ಫೋನ್ ಮಾಡಿ ಓಟು ಹಾಕುತ್ತಿದ್ದರು. ನಮ್ಮ ಟಿವಿ ಹಾಡಿನ ಸ್ಪರ್ಧೆಗಳು ಎಸ್‌ಎಂಎಸ್ ಓಟು ಅಂತ ಬಡಿದುಕೊಂಡಾಗ ಇದೇನೋ ಹೊಸದು ಅಂದುಕೊಂಡಿದ್ದೆವು. ಇದೇ ಕಾರ್ಯಕ್ರಮದಲ್ಲಿ 1935ರಲ್ಲಿ ನಾಲ್ಕು ಹುಡುಗರ ತಂಡದ ಜೊತೆ ಹಾಡಿ ಹೋದ ಒಬ್ಬನ ಹೆಸರು ಫ್ರಾಂಕ್ ಸಿನಾಟ್ರಾ. ಈ ಗುರುವಾರ ಹಾಡಿದವರಲ್ಲಿ ಅಂಥವರು ಯಾರೂ ನನಗೆ ಕೇಳಿಸಲಿಲ್ಲ. ಆದರೂ ಚೆನ್ನಾಗಿದೆ. ಸ್ವಲ್ಪ ಶ್ರುತಿ ತಪ್ಪುತ್ತದೆ, ಕೈ ನಡುಗುವುದು ಕೇಳುತ್ತದೆ. ಯಂತ್ರದಲ್ಲಿ ಶ್ರುತಿ ತಿದ್ದುವ ಕಾಲ ಬರುವ ಮುಂಚಿನ ಮಾತು.

ಒಂಬತ್ತಕ್ಕೆ ನಾಟಕ ಇದೆ, ಆಮೇಲೆ ವಾರ್ತೆ, ಆಮೇಲೆ ರೂಸ್‌ವೆಲ್ಟ್ ಭಾಷಣದ ಮರುಪ್ರಸಾರ. ಇವನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳಿ.

ಹನ್ನೊಂದೂವರೆಯಿಂದ ಬರೀ ಸಂಗೀತ. ಟೆಡ್ಡಿ ಪಾವೆಲ್, ಲೂಯಿ ಪ್ರೀಮಾ, ಬಾಬ್ ಚೆಸ್ಟರ್, ಮೂರು ವಾದ್ಯವೃಂದ, ಅರ್ಧರ್ಧ ಗಂಟೆ. ಜಾಹೀರಾತು ಇಲ್ಲ, ಉಪದೇಶ ಇಲ್ಲ. ಆ ಕಾಲದ ಸ್ವಿಂಗ್ ಸಂಗೀತ. ಹೋಟೆಲು, ಕ್ಲಬ್ಬುಗಳಲ್ಲಿ ಜನ ಕುಣಿಯುತ್ತಿದ್ದ ಹಾಗೇ ಅಲ್ಲಿಂದ ತಂತಿ ಎಳೆದು ಇಂಥ ಪ್ರಸಾರ ಮಾಡುತ್ತಿದ್ದರು. ಲೂಯಿ ಪ್ರೀಮಾ ನ್ಯೂ ಆರ್ಲಿಯನ್ಸ್ ಊರಿನವನು, ತುತ್ತೂರಿ ಊದಿ, ಹಾಡಿ, ನಗಿಸುವವನು. 1967ರ ಜಂಗಲ್ ಬುಕ್ ಕಾರ್ಟೂನ್ ಚಿತ್ರದಲ್ಲಿ ಮಂಗಗಳ ರಾಜನಿಗೆ ದನಿ ಕೊಟ್ಟವನೂ ಇವನೇ. ಅದು ಗೊತ್ತಿದ್ದು ಕೇಳಿದರೆ 1939ರ ಈ ಹುಡುಗು ದನಿಯಲ್ಲೂ ಆ ಮಂಗ ಇಣುಕುತ್ತದೆ. ಬಾಬ್ ಚೆಸ್ಟರ್ ತಂಡ ಅಷ್ಟು ತುಂಟ ಅಲ್ಲ, ನಯ. ಗ್ಲೆನ್ ಮಿಲ್ಲರ್ ಶೈಲಿಯ ನೆರಳು ಜಾಸ್ತಿ.

ಈ ಹೊತ್ತಿಗೆ ಇಂಥ ಸಂಗೀತ ಇಟ್ಟಿರುವುದಕ್ಕೆ ಇನ್ನೊಂದು ತೂಕವೂ ಇದೆ. ಮೀಡಿಯಂ ವೇವ್ ಹಗಲಲ್ಲಿ ನೆಲ ಹಿಡಿದು ಸ್ವಲ್ಪ ದೂರ ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಮೇಲಿನ ವಾಯುಪದರದಲ್ಲಿ ಅಲೆಯನ್ನು ನುಂಗುವ ಕೆಳಪದರ ಕರಗಿ, ಅಲೆ ಮೇಲಕ್ಕೆ ಹೋಗಿ ತಿರುಗಿ ಭೂಮಿಗೆ ಬೀಳುತ್ತದೆ. ಮುಳ್ಳನ್ನು ಡಯಲ್‌ನ ಬಲತುದಿಯ ಹತ್ತಿರ ತಂದರೆ ಸಿಗುತ್ತಿದ್ದ ಈ 1460 ಕಿಲೋಸೈಕಲ್ ಸ್ಟೇಷನ್ನು ರಾತ್ರಿಯಾದರೆ ಎಷ್ಟೋ ದೂರದ ಹಳ್ಳಿಮನೆಯಲ್ಲೂ ಕೇಳುತ್ತಿತ್ತು. ನಾವೂ ರಾತ್ರಿ ಡಯಲ್ ತಿರುಗಿಸುತ್ತ ಊರು ಕೇರಿ ಗೊತ್ತಿಲ್ಲದ ಸ್ಟೇಷನ್ ಹಿಡಿಯುತ್ತಿದ್ದೆವು. ಬೆಳಗ್ಗೆ ಅದೇ ಜಾಗದಲ್ಲಿ ಬರೀ ಬುಸ್ ಅನ್ನುತ್ತಿತ್ತು.

ಇದನ್ನು ಕೇಳಿದವರಿಗೆ ಮೈಸೂರು ನೆನಪಾಗದೆ ಇರದು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಅದಕ್ಕಿಟ್ಟ ಆಕಾಶವಾಣಿ ಅನ್ನುವ ಹೆಸರೇ ಮುಂದೆ ಇಡೀ ದೇಶದ ರೇಡಿಯೋ ಹೆಸರಾಯಿತು. 30 ವ್ಯಾಟ್ ಅಂದರೆ ಹಳೇ ಕಾಲದ ಸಣ್ಣ ಬಲ್ಬಿನಷ್ಟು. ವಾಷಿಂಗ್ಟನ್ನಿನವರು ತಟ್ಟೆ ತಿರುಗಿಸುತ್ತಿದ್ದ ಆ ಗುರುವಾರ ಮೈಸೂರಿನ ಸ್ಟೇಷನ್ನೂ ನಡೆಯುತ್ತಿತ್ತು, ನಾಲ್ಕು ವರ್ಷದ ಕೂಸು. ಒಂಟಿಕೊಪ್ಪಲಿನ ಒಂದೇ ಒಂದು ದಿನವನ್ನು ಹೀಗೆ ಬೆಳಗಿನಿಂದ ಕೊನೆಯವರೆಗೆ ಕೇಳುವಂತಿದ್ದರೆ ನಾನು ದುಡ್ಡು ಕೊಟ್ಟು ಕೊಳ್ಳುತ್ತಿದ್ದೆ. ಎಷ್ಟು ಚರಪರ ಇದ್ದರೂ ಪರವಾಗಿಲ್ಲ.

ದೂರುಗಳೂ ಇವೆ. ಒಂದೊಂದು ತುಂಡಿನ ಶಬ್ದ ಒಂದೊಂದು ಮಟ್ಟ. ಪಿಸುಮಾತಿನ ನಾಟಕಕ್ಕೆ ವಾಲ್ಯೂಮ್ ಏರಿಸಿದರೆ ಮುಂದಿನ ತುಂಡಿನ ಆರ್ಗನ್ ಎದೆಗೆ ಗುದ್ದುತ್ತದೆ. ಫೈಲ್ ಹೆಸರಿನಲ್ಲಿ ವಾಷಿಂಗ್ಟನ್ ಗಡಿಯಾರದ ಸಮಯ ನೋಡಿ ಸರಿಯಾಗಿ ಜೋಡಿಸಿಕೊಳ್ಳದಿದ್ದರೆ ಮೊಬೈಲು ತನ್ನಿಷ್ಟಕ್ಕೆ ಹಾಡುತ್ತದೆ, ಬೇಸ್‌ಬಾಲ್ ಆದ ಮೇಲೆ ಬೆಳಗಿನ ಧಾರಾವಾಹಿ ಬಂದು ಕೂರುತ್ತದೆ. ಇಂಗ್ಲಿಷ್ ವೇಗ, ಅಮೆರಿಕದ ಉಚ್ಚಾರ, ಮೊದಲ ಗಂಟೆ ಕಷ್ಟವೇ. ಗಾಡ್‌ಫ್ರೀ ನಿಧಾನ ಮಾತಾಡುವುದರಿಂದ ಅಲ್ಲಿ ಕಿವಿ ಪಳಗಿಸಿಕೊಳ್ಳಬಹುದು.

ಹೇಗೆ ಕೇಳಬೇಕು ಅಂದರೆ, ಇಯರ್‌ಫೋನ್ ಬೇಡ. ಚರಪರ ತಲೆಯೊಳಗೇ ಸಿಡಿದಂತಾಗುತ್ತದೆ. ಒಂದೇ ಒಂದು ಸ್ಪೀಕರ್ ಸಾಕು, ಮರದ ಡಬ್ಬಿಯದ್ದಾದರೆ ಇನ್ನೂ ಒಳ್ಳೆಯದು. ಬ್ಲೂಟೂತ್ ಡಬ್ಬಿಯಲ್ಲಿ ಬಾಸ್ ಏರಿಸುವ ಗುಂಡಿ ಇದ್ದರೆ ಆಫ್ ಮಾಡಿ, ಇದರಲ್ಲಿ ಬಾಸ್ ಇಲ್ಲ, ಇರುವುದು ಗುಂಯ್ ಮಾತ್ರ. ಟ್ರೆಬಲ್ ಸ್ವಲ್ಪ ಇಳಿಸಿ. ಪೂರ್ತಿ ದಿನ ಆಗುವುದಿಲ್ಲ ಅನ್ನುವವರು ಬೆಳಗಿನ ಒಂದು ಗಂಟೆ, ಅಂಟಿಕೊಂಡ ಜಾಹೀರಾತಿನ ಸಮೇತ ಯಾವುದಾದರೂ ಒಂದು ಧಾರಾವಾಹಿ, ರೂಸ್‌ವೆಲ್ಟ್ ಭಾಷಣ, ಆಮೇಲೆ ನಾಲ್ಕರಿಂದ ಐದೂಕಾಲಿನ ಪಂದ್ಯ, ಕೊನೆಗೆ ಪ್ರೀಮಾನ ಅರ್ಧ ಗಂಟೆ ಕೇಳಿ. ಆದರೆ ಇದೇ ಕ್ರಮದಲ್ಲಿ ಕೇಳಿ, ಹಿಂದುಮುಂದು ಮಾಡಬೇಡಿ. ಮನೆಯಲ್ಲಿ ಯಾರಾದರೂ ಸೊಪ್ಪು ಬಿಡಿಸುವವರಿದ್ದರೆ ಧಾರಾವಾಹಿ ಹೊತ್ತಿಗೆ ಕರೆದು ಕೂರಿಸಿಕೊಳ್ಳಿ, ಕತೆ ಅವರೇ ಹೇಳುತ್ತಾರೆ.